ನಷ್ಟ ಯಾರ ತಲೆಗೆ?

ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಎಂ.ಎಸ್. ಮುಗಿಸಲು ಎರಡು ದಾರಿ. ಒಂದು, ಇನ್ನೆರಡು ಕೋರ್ಸು ಹೆಚ್ಚಿಗೆ ತೆಗೆದುಕೊಂಡು, ಕರಿ ಗೌನು ತೊಟ್ಟು ಫೋಟೊ ತೆಗೆಸಿಕೊಂಡು ಕೆಲಸಕ್ಕೆ ಸೇರುವುದು. ಇನ್ನೊಂದು, ಥೀಸಿಸ್ ಬರೆಯುವುದು. ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಹೋದ ಜಾಣ ಮಕ್ಕಳು ಮೊದಲನೆಯದನ್ನು ಹಿಡಿಯುತ್ತಾರೆ. ನನ್ನ ಭಾಮೈದ ಎರಡನೆಯದನ್ನು ಹಿಡಿದ.

"ಓದೋದೆಲ್ಲ ಆಯ್ತು, ಬರೆಯೋದೊಂದು ಬಾಕಿ" ಎಂದು ಅವನು ಶಿಡ್ಲಘಟ್ಟಕ್ಕೆ ಫೋನು ಮಾಡಿ ಹೇಳಿದ. ಅಲ್ಲಿ ಅದು "ಒಂದು ಸಬ್ಜೆಕ್ಟ್ ಹೋಗಿದೆ" ಎಂದು ಅರ್ಥವಾಯಿತು. ಸಂಜೆಯೊಳಗೆ ಸುದ್ದಿ ಚಿಂತಾಮಣಿಯ ನಮ್ಮ ಮನೆಗೂ ಗೌರಿಬಿದನೂರಿನ ಚಿಕ್ಕಮಾವನ ಮನೆಗೂ ಮುಟ್ಟಿ, ಸಬ್ಜೆಕ್ಟುಗಳ ಸಂಖ್ಯೆ ಮೂರಕ್ಕೇರಿತ್ತು.

ಹುಡುಗ ಬಿ.ಇ. ಓದಿದ್ದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿ ಎಂಜಿನಿಯರಿಂಗ್ ಓದುವವರಿಗೆ ಬೇರೆ ಊರಿನವರಿಗಿಲ್ಲದ ಒಂದು ಕಷ್ಟವಿದೆ: ಪಕ್ಕದಲ್ಲೇ ಮುದ್ದೇನಹಳ್ಳಿ. ಏನು ಮಾಡಿದರೂ ವಿಶ್ವೇಶ್ವರಯ್ಯನವರ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ. "ವಿಶ್ವೇಶ್ವರಯ್ಯನೋರು ಥೀಸಿಸ್ಸು ಗೀಸಿಸ್ಸು ಅಂತ ಕೂತಿದ್ರಾ? ಸೀದಾ ಹೋಗಿ ಕನ್ನಂಬಾಡಿ ಕಟ್ಟಲಿಲ್ವಾ?" ಎಂದು ಊರಿಂದ ದಿನಕ್ಕೊಬ್ಬರು ಕೇಳತೊಡಗಿದರು.

ಹುಡುಗನ ಪರ ನಿಂತವರು ಗೌರಿಬಿದನೂರಿನ ಚಿಕ್ಕಮಾವ ಒಬ್ಬರೇ. ಅವರು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಳೇ ವಿದ್ಯಾರ್ಥಿ, ವಿಚಾರವಾದಿ ಎಚ್. ನರಸಿಂಹಯ್ಯನವರ ಭಕ್ತ. ದೇವರನ್ನು ಕೂಡ ಪ್ರಶ್ನೆ ಕೇಳಿದವರಿಗೆ ಭಕ್ತರಿರಬಹುದೇ ಎಂದರೆ ಅವರು ಉತ್ತರ ಕೊಡುವುದಿಲ್ಲ. "ನಮ್ಮ ತಾಲೂಕಿನ ಹೊಸೂರಿನ ಬಡವರ ಮನೆ ಹುಡುಗ, 1960ರಲ್ಲಿ ಕೊಲಂಬಸ್ಸಿನ ಓಹಾಯೋ ಸ್ಟೇಟ್‌ನಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್.ಡಿ. ಮಾಡಿ ವಾಪಸ್ ಬಂದು ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ವೈಸ್ ಚಾನ್ಸಲರೂ ಆದರು. ಅದೇ ಕೊಲಂಬಸ್ ಊರಲ್ಲಿ ನಮ್ಮ ಹುಡುಗ ಬರೀತಾನೆ ಅಂದ್ರೆ ಬರೀಲಿ ಬಿಡ್ರಪ್ಪ" ಎಂದು ತೀರ್ಪು ಕೊಟ್ಟರು. ಅತ್ತೆ ಮಾತ್ರ "ಅವರಿಗೆ ಮದುವೆ ಆಗಿರಲಿಲ್ಲ ಕಣ್ರೀ" ಎಂದು ತಮ್ಮ ಚಿಂತೆ ಎಲ್ಲಿದೆಯೆಂದು ತೋರಿಸಿಬಿಟ್ಟರು.

ಕೊನೆಗೆ ಅತ್ತೆ ಮಾವ ಇಬ್ಬರೂ, ಹುಡುಗ ಏನು ಬರೆಯುತ್ತಿದ್ದಾನೆಂದು ಕಣ್ಣಾರೆ ನೋಡಲು ಕೊಲಂಬಸ್ಸಿಗೇ ಬಂದಿಳಿದರು. ನಾವೂ ಅದೇ ಊರಿನಲ್ಲಿದ್ದೆವು, ಹುಡುಗ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದ. ಬಂದ ಮೊದಲ ರಾತ್ರಿಯೇ ಅತ್ತೆ ಕೆಳಗಿಳಿದು ನೋಡಿದರೆ, ಮಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾನೆ, ಲ್ಯಾಪ್‌ಟಾಪ್ ಬುಸುಗುಡುತ್ತಿದೆ. ಕರೆಂಟು ದಂಡ ಎಂದು ಮೆಲ್ಲಗೆ ಅದರ ಮುಚ್ಚಳ ಮುಚ್ಚಿ, ಮಗನಿಗೆ ರಗ್ಗು ಹೊದಿಸಿ ಬಂದರು. ರಾತ್ರಿಯಿಡೀ ಓಡಬೇಕಿದ್ದ ಸಿಮ್ಯುಲೇಶನ್ ಅಲ್ಲಿಗೆ ನಿಂತಿತು. ಬೆಳಿಗ್ಗೆ ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಅತ್ತೆ "ನಿದ್ದೆ ಸಾಲ್ದು ಕಣಪ್ಪ ನಿಂಗೆ" ಎಂದು ಕಾಫಿ ಕೊಟ್ಟರು.

ಅವನ ವಿಷಯ ಬ್ರಾಂಚ್ ಪ್ರಿಡಿಕ್ಷನ್. ಪ್ರೊಸೆಸರು ಒಂದು ಆಜ್ಞೆ ಮುಗಿಯುವ ಮೊದಲೇ ಮುಂದಿನದಕ್ಕೆ ಕೈ ಹಾಕಿರುತ್ತದೆ. ನಡುವೆ "ಹೀಗಿದ್ದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ" ಎಂಬ ಕವಲು ಬಂದರೆ ಉತ್ತರಕ್ಕಾಗಿ ಕಾಯುವುದಿಲ್ಲ, ಒಂದು ಕಡೆ ಊಹಿಸಿ ನುಗ್ಗುತ್ತದೆ. ಊಹೆ ಸರಿಯಾದರೆ ಲಾಭ. ತಪ್ಪಿದರೆ ಮಾಡಿದ್ದನ್ನೆಲ್ಲ ಎಸೆದು, ಕವಲಿಗೆ ವಾಪಸ್ ಬಂದು, ಇನ್ನೊಂದು ದಾರಿ.

"ಅಂದ್ರೆ ಜೋಯಿಸರ ಕೆಲಸ" ಎಂದರು ಅತ್ತೆ.

"ಜೋಯಿಸರು ತಪ್ಪಿದ್ದರ ಲೆಕ್ಕ ಇಡಲ್ಲಮ್ಮ. ಇದು ಇಡುತ್ತೆ."

ಆ ಲೆಕ್ಕದ ಒಂದು ಸರಳ ಉಪಾಯವನ್ನು 1981ರಲ್ಲಿ ಜೇಮ್ಸ್ ಸ್ಮಿತ್ ಎಂಬಾತ ಪ್ರಬಂಧದಲ್ಲಿ ಬರೆದ. ಪ್ರತಿ ಕವಲಿಗೂ ಎರಡು ಬಿಟ್ ನೆನಪು. ಅದರಲ್ಲಿ ನಾಲ್ಕು ಮೆಟ್ಟಿಲು. ನಂಬಿಕೆ ಗಟ್ಟಿಯಾಗಿದ್ದಾಗ ಒಂದು ಸಲ ಊಹೆ ತಪ್ಪಿದರೆ ಅದು ಒಂದು ಮೆಟ್ಟಿಲು ಇಳಿಯುತ್ತದೆ, ಮನಸ್ಸು ಬದಲಾಗುವುದಿಲ್ಲ. ಎರಡನೆಯ ಸಲವೂ ತಪ್ಪಿದರೆ ಬದಲಾಗುತ್ತದೆ. ಅತ್ತೆ ಶಿಡ್ಲಘಟ್ಟದ ಹಾಲಿನವನ ವಿಷಯದಲ್ಲಿ ಇದನ್ನೇ ಮಾಡುವುದು. ಮೊದಲ ದಿನ ಹಾಲು ನೀರಾದರೆ "ಪಾಪ, ಹಸು ಮಳೇಲಿ ನೆಂದಿರಬೇಕು". ಮರುದಿನವೂ ನೀರಾದರೆ "ನಾಳೆಯಿಂದ ಬರಬೇಡ". ಸ್ಮಿತ್ ಕಂಡುಕೊಂಡಿದ್ದು ತಮಗೆ ಮೊದಲಿಂದಲೂ ಗೊತ್ತಿತ್ತು ಎಂದು ತಿಳಿದು ಅತ್ತೆಗೆ ಥೀಸಿಸ್ ಮೇಲೆ ಗೌರವ ಹುಟ್ಟಿತು. ಅಳಿಯನಾದ ನಾನು ಈಗ ಎಷ್ಟನೆಯ ಮೆಟ್ಟಿಲಲ್ಲಿದ್ದೇನೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಾವನನ್ನು ಒಲಿಸಲು ಬೇರೆ ಅಸ್ತ್ರ ಬೇಕಾಯಿತು. ಅವರು ಶಿಡ್ಲಘಟ್ಟದ ರೀಲರು. ನೂಲು ಬಿಚ್ಚಾಣಿಕೆಯ ಬಿಸಿನೀರಲ್ಲಿ ಬೆಂದ ಬೆರಳು. ಮಗ ರೇಷ್ಮೆ ಬಿಟ್ಟು ಕಂಪ್ಯೂಟರಿಗೆ ಹೋದನೆಂಬ ಸಿಟ್ಟು ಇನ್ನೂ ಆರಿರಲಿಲ್ಲ. ಹುಡುಗ ಜಕಾರ್ಡ್ ಕಥೆ ತೆಗೆದ. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ತೂತು ಕಾರ್ಡುಗಳ ಸರ ತಿರುಗುತ್ತದಲ್ಲ, ಅದನ್ನು ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ಮಾಡಿದ್ದೇ ರೇಷ್ಮೆ ನೇಯಲಿಕ್ಕೆ. ಆ ಕಾರ್ಡುಗಳನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಅದೇ ಬಗೆಯ ಕಾರ್ಡು ಯೋಚಿಸಿದ. ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ. ಮಾವ ಗಂಭೀರವಾಗಿ ಕೇಳಿ, "ಹಂಗಾದ್ರೆ ಕಂಪ್ಯೂಟರ್ ನಮ್ದೇ" ಎಂದು ಶಿಡ್ಲಘಟ್ಟಕ್ಕೆ ಫೋನು ಹಚ್ಚಿದರು.

ಥೀಸಿಸ್ಸನ್ನು ಪರೀಕ್ಷಕರ ಮುಂದೆ ಸಮರ್ಥಿಸುವ ಡಿಫೆನ್ಸಿನ ದಿನ ಬಂತು. ಮೂವರು ಪ್ರೊಫೆಸರು, ಒಂದಷ್ಟು ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ನಾವು. ಅತ್ತೆ ಕೋಡುಬಳೆಯ ಡಬ್ಬಿಯನ್ನು ಪರೀಕ್ಷಕರ ಮೇಜಿನ ಮೇಲೇ ಇಟ್ಟರು. ಹುಡುಗ ಮೊದಲ ಗ್ರಾಫು ತೋರಿಸುವ ಹೊತ್ತಿಗೆ ಆ ಮೂವರೂ ಕಟಕಟ ಎನಿಸುತ್ತಿದ್ದರು. ತನ್ನ ವಿನ್ಯಾಸ ಎಷ್ಟು ಸಲ ಸರಿಯಾಗಿ ಊಹಿಸುತ್ತದೆ, ಎಷ್ಟು ಸಮಯ ಉಳಿಯುತ್ತದೆ ಎಂದೆಲ್ಲ ಚೆನ್ನಾಗಿಯೇ ಹೇಳಿದ. ಪ್ರೊಫೆಸರುಗಳ ಪ್ರಶ್ನೆಗೂ ತಡವರಿಸಲಿಲ್ಲ. ಆಮೇಲೆ ಅಧ್ಯಕ್ಷರು ಸಭೆಯ ಕಡೆ ತಿರುಗಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು. ಅದು ಬಾಯಿಮಾತಿನ ಮರ್ಯಾದೆ, ಯಾರೂ ಕೇಳುವುದಿಲ್ಲ.

ಮಾವ ಎದ್ದು ನಿಂತರು.

"ಊಹೆ ತಪ್ಪಿದಾಗ ಮಾಡಿದ ಕೆಲಸಾನೆಲ್ಲ ಎಸೀತೀಯಲ್ಲಪ್ಪ, ಆ ನಷ್ಟ ಯಾರ ತಲೆಗೆ? ನಷ್ಟಂ ಎವರಿದಿ?" ನಮ್ಮ ಸೀಮೆಯಲ್ಲಿ ವ್ಯಾಪಾರದ ಮಾತು ಬಿಸಿಯಾದರೆ ತೆಲುಗಿಗೆ ಹೊರಳುವುದು ವಾಡಿಕೆ. ಪ್ರಶ್ನೆಯೂ ಅವರಿಗೆ ಹೊಸದಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಲಾಟಿನೊಳಗೆ ಕೈಯಾಡಿಸಿ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕೆಂದು, ಅಂದರೆ ರೆಂಡಿಟ್ಟ ಎಷ್ಟು ಬೀಳುತ್ತದೆಂದು, ಬೆಲೆ ಕೂಗುವ ಮುಂಚೆಯೇ ಊಹಿಸುತ್ತ ಬಂದವರು. ಆರು ಎಂದುಕೊಂಡದ್ದು ಎಂಟಾದರೆ ಮನೆಗೆ ಬರುವುದು ಸಾಲ.

ನಾನು ಇಂಗ್ಲಿಷಿಗೆ ತಿರುಗಿಸಿದೆ. ಅಧ್ಯಕ್ಷರು ಕೋಡುಬಳೆ ಕೆಳಗಿಟ್ಟರು. "ಒಳ್ಳೆ ಪ್ರಶ್ನೆ. ಸಮಯದ ಲೆಕ್ಕ ಕೊಟ್ಟಿದ್ದೀಯ. ತಪ್ಪಿದ ದಾರಿಯಲ್ಲಿ ವ್ಯರ್ಥವಾದ ವಿದ್ಯುತ್ತಿನ ಲೆಕ್ಕ ಎಲ್ಲಿ?" ಹುಡುಗ ಅಪ್ಪನ ಮುಖ ನೋಡಿದ. ಅವನ ಥೀಸಿಸ್ಸಿನಲ್ಲಿ ಅದಿರಲಿಲ್ಲ.

ಹುಡುಗನನ್ನು ಹೊರಗೆ ಕಳಿಸಿ, ಒಳಗೆ ಮಾತಾಡಿ, ಮತ್ತೆ ಕರೆದು ಕೈ ಕುಲುಕಿದರು: ಪಾಸು. ಆದರೆ ವಿದ್ಯುತ್ತಿನ ಲೆಕ್ಕದ ಒಂದು ಭಾಗ ಸೇರಿಸಿದ ಮೇಲೆಯೇ ಸಹಿ. ಹುಡುಗ ಮತ್ತೆ ಬೇಸ್‌ಮೆಂಟಿಗಿಳಿದ. ಕೆಲಸಕ್ಕೆ ಸೇರುವುದು ಮುಂದಕ್ಕೆ ಹೋಯಿತು. ಕಾರಣ ಪ್ರೊಫೆಸರಲ್ಲ, ಸ್ವಂತ ಅಪ್ಪ.

"ಮನೇಲಿ ಕೇಳೋದು ಬಿಟ್ಟು ಅಷ್ಟು ಜನದ ಮುಂದೆ ಕೇಳ್ಬೇಕಿತ್ತಾ?" ಎಂದು ಅತ್ತೆ ಕಾರಿನಲ್ಲಿ ಶುರು ಮಾಡಿದರು.

"ಮನೇಲಿ ಯಾರು ಏನು ಕೇಳಿದ್ರಿ? ಎಲ್ಲಾರೂ ಯಾವಾಗ ಮುಗಿಯುತ್ತೆ ಅಂತ ಕೇಳಿದ್ರೇ ಹೊರತು, ಎಣಿಕೆ ತಪ್ಪಿದ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರಾ?" ಎಂದರು ಮಾವ. ಕಾರಿನಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಗೌರಿಬಿದನೂರಿನ ಚಿಕ್ಕಮಾವ ಮಾತ್ರ ಫೋನಿನಲ್ಲಿ ಸುದ್ದಿ ಕೇಳಿ, "ನಮ್ಮ ಎಚ್.ಎನ್. ಇದ್ದಿದ್ರೆ ನಿಮ್ಮಪ್ಪಂಗೇ ಡಿಗ್ರಿ ಕೊಡ್ತಿದ್ರು" ಎಂದರು.

ನಿಮ್ಮ ಮನೆಯಲ್ಲೂ ಥೀಸಿಸ್ ಬರೆಯುವ ಮಕ್ಕಳಿದ್ದರೆ, ಮುಗಿಯುವುದು ಯಾವಾಗ, ಸಂಬಳ ಎಷ್ಟು, ಹುಡುಗಿ ನೋಡಬಹುದಾ ಎಂಬ ಮೂರು ಪ್ರಶ್ನೆಗಳನ್ನು ಸ್ವಲ್ಪ ದಿನ ಅಟ್ಟಕ್ಕೆ ಹಾಕಿ. ಏನು ಮಾಡುತ್ತಿದ್ದೀಯ ಎಂದು ಕೇಳಿ, ಹೇಳುವಷ್ಟು ಹೊತ್ತು ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ನಷ್ಟದ ಲೆಕ್ಕ ಕೇಳಿ. ಆದರೆ ದಯವಿಟ್ಟು, ಡಿಫೆನ್ಸಿಗೆ ಮುಂಚೆಯೇ ಕೇಳಿ.