ಸುಣ್ಣದ ಡಬ್ಬಿ ಬಾಯಿ ಬಿಟ್ಟಾಗ

ನಿಪ್ಪಾಣಿ ಎಂದರೆ ತಂಬಾಕು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಬೆಳೆಗಾರರು ಬೆಲೆಗಾಗಿ ಹೆದ್ದಾರಿ ತಡೆದು ಕುಳಿತ ಊರಿದು. ಎಲ್ಲರೂ ಎಲೆಯನ್ನೇ ಮಾತಾಡಿಸಿದರು. ಕಿಸೆಯೊಳಗಿನ ಸುಣ್ಣದ ಡಬ್ಬಿಯನ್ನು ಕೇಳಿದವರಿಲ್ಲ.

ಏನ್ರಿ ಸುಣ್ಣಪ್ಪನವರ, ಆರಾಮೇನ್ರಿ?

ಆರಾಮ ಅದೀನ್ರಿ. ಮುಚ್ಚಳ ಒಂದೀಟ ಸಡ್ಲ ಆಗೇತಿ. ಗಾಳಿ ಹೊಕ್ರ ಗಟ್ಟಿ ಆಗಿ ಕೆಲಸಕ್ಕ ಬಾರದಂಗ ಆಗ್ತೀನಿ.

ತಂಬಾಕಿಗೆ ನೀವೇ ಏಕೆ ಬೇಕು?

ಎಲಿಯಾಗಿನ ನಿಕೋಟಿನ್ ಪ್ರತ್ಯಾಮ್ಲ ಐತ್ರಿ. ಆದ್ರ ಅಲ್ಲಿನ ಹುಳಿ ಜೋಡಿ ಕೂಡಿ, ಮೈಮ್ಯಾಲ ಒಂದು ಪ್ರೋಟಾನ್ ಹೊತ್ತು ಕುಂತಿರ್ತೈತಿ. ಗಲ್ಲದ ಒಳಪೊರಿ ಕೊಬ್ಬಿಂದು. ವಿದ್ಯುದಂಶ ಹೊತ್ತಾಂವಗ ದಾರಿ ಬಿಡೂದಿಲ್ಲ. ನಾ ಆ ಪ್ರೋಟಾನ್ ಕಸಗೊಂತೀನಿ.

ಲೆಕ್ಕ?

ನಿಕೋಟಿನ್ನಿನ ಪಿಕೆಎ, ಅಂದ್ರ ಅರ್ಧ ಕಣಗಳು ಪ್ರೋಟಾನ್ ಇಳಿಸಿರೋ ಪಿಎಚ್, ಸುಮಾರು 8. ಪಿಎಚ್ 6 ಇದ್ರ ನೂರರಾಗ ಒಂದು ಕಣಕ್ಕಷ್ಟ ಒಳಗ ಪ್ರವೇಶ. 8ಕ್ಕ ಅರ್ಧ, 9ಕ್ಕ ತೊಂಬತ್ತು. ನಾನಂತೂ 12ರ ಮ್ಯಾಲಿನಾಂವ. ಹೆಬ್ಬೆರಳ ತುದಿಗೆ ಹತ್ತುವಷ್ಟು ತಗೊಂಡು ಅಂಗೈಯಾಗ ತಿಕ್ಕಿದ್ರ ಮುಗೀತು. ಈ ಲೆಕ್ಕಕ್ಕ ಹೆಂಡರ್ಸನ್ 1908ರಾಗ ಕೈ ಹಚ್ಚಿದ್ರು, ಹ್ಯಾಸೆಲ್‌ಬಾಲ್ಕ್ 1916ರಾಗ ಲಾಗರಿದಮ್ ಸೇರಿಸಿದ್ರು. ನಮ್ಮ ಅಜ್ಜಗೋಳು ಅವರಿಗಿಂತ ಮೊದ್ಲ ತಿಕ್ಕಾಕ ಹತ್ತಿದ್ರು.

ಅಂದರೆ ನೀವು ದಲ್ಲಾಳಿ.

ಹೌದ್ರಿ, ಕಮಿಷನ್ನಿಗೆ ಗಲ್ಲದ ತೊಗಲು ದಿನಾ ಒಂದೀಟ ಸುಟ್ಕೊಂತೀನಿ.

ಬಾಯಿ ಕ್ಯಾನ್ಸರ್?

ಅದು ತಂಬಾಕಿನ ಖಾತೆ! ಪಾಕೀಟಿನ ಮ್ಯಾಲ ಕೊಳೆತ ಬಾಯಿ ಚಿತ್ರ ಐತಲ್ರಿ. ನನ್ನ ಮುಚ್ಚಳದ ಮ್ಯಾಲ ಗುಲಾಬಿ ಹೂವು.

(ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈ ಗುಲಾಬಿ ಕಿಸೆಯಲ್ಲೇ ಉಳಿಯಿತು.)

ಔಷಧಿಗಳಿಗೂ ಇದೇ ಪ್ರೋಟಾನ್ ನಿಯಮವೇ?

ಹಲ್ಲಿನ ಡಾಕ್ಟರನ್ನ ಕೇಳ್ರಿ. ಜೋಮು ಹಿಡಿಸೋ ಲಿಗ್ನೊಕೇನ್ ಪಿಕೆಎ 7.9. ಬಾವು ಬಂದ ವಸಡಿನಾಗ ಹುಳಿ ಹೆಚ್ಚು. ಸೂಜಿ ಚುಚ್ಚಿದ್ರೂ ಔಷಧ ಪ್ರೋಟಾನ್ ಹೊತ್ತು ನರದ ಹೊರಗ ನಿಂದ್ರತೈತಿ. ಕುರ್ಚಿ ಮ್ಯಾಲಿನಾಂವ "ಯವ್ವಾ" ಅಂತಾನ.

ಅಲ್ಲಿಗೂ ನಿಮ್ಮನ್ನು ಕರೆಯಬಹುದಿತ್ತಲ್ಲ?

ಕೆಲವರು ಸೋಡಿಯಂ ಬೈಕಾರ್ಬನೇಟ್ ಬೆರಸ್ತಾರ. ನಂದೇ ಕೆಲಸ, ಆದ್ರ ಅದು ಸೌಮ್ಯ ಸ್ವಭಾವದ್ದು, ಬಿಳಿ ಕೋಟಿನವರ ಸಹವಾಸ. ನನಗ ಅಂಗಿ ಕಿಸೇನ ಆಸ್ಪತ್ರಿ. ಸಾಕ್ರಿ, ಮಾಲಕರು ಅಂಗೈ ಚಾಚ್ಯಾರ, ಮುಂದಿನ ಪ್ರಶ್ನೆ ಅವರಿಗೇ ಕೇಳ್ರಿ. ಬಾಯಿ ತುಂಬಿರ್ತೈತಿ, ಕೈ ಸನ್ನಿ ಮಾಡ್ತಾರ.