ವಾಕಡದ ಬ್ರಾಡ್‌ಬ್ಯಾಂಡ್ ಮೀಮಾಂಸಕ

ಪುಣೆಯ ಪಶ್ಚಿಮಕ್ಕೆ, ಮುಂಬೈ–ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿರುವ ವಾಕಡದ ವಸತಿ ಸಂಕೀರ್ಣಗಳಲ್ಲಿ, ಅಂದರೆ ಅಲ್ಲಿನವರು ‘ಸೊಸೈಟಿ’ ಎಂದೇ ಕರೆಯುವ ಬಹುಮಹಡಿ ಕಟ್ಟಡಗಳಲ್ಲಿ, ಸೊಸೈಟಿಗೊಬ್ಬನಂತೆ ಕಾಣಸಿಗುವ ಒಂದು ಜಾತಿಯ ಗೃಹಸ್ಥನನ್ನು ಬ್ರಾಡ್‌ಬ್ಯಾಂಡ್ ಮೀಮಾಂಸಕನೆಂದು ಕರೆಯಬಹುದು. ಈತ ಹೆಚ್ಚಾಗಿ ಹುಬ್ಬಳ್ಳಿ, ಬೆಳಗಾವಿ ಅಥವಾ ವಿಜಯಪುರದ ಕಡೆಯವನು. ಹಿಂಜವಡಿಯ ಐಟಿ ಪಾರ್ಕಿನಲ್ಲಿ ನೌಕರಿ ಮಾಡುತ್ತ, ಶುಕ್ರವಾರ ರಾತ್ರಿ ಊರ ಬಸ್ಸನ್ನು ಹೆದ್ದಾರಿ ಬದಿಯಲ್ಲೇ ಹಿಡಿಯಬಹುದೆಂಬ ಅನುಕೂಲ ನೋಡಿ ಇಲ್ಲಿ ಮನೆ ಮಾಡಿದವನು. ಮದುವೆ, ಮನೆಸಾಲ, ಮಕ್ಕಳ ಶಾಲೆ ಇವನ್ನೆಲ್ಲ ಹಿರಿಯರ ಮಾತಿನ ಮೇಲೆ ವಾರದೊಳಗೆ ತೀರ್ಮಾನಿಸಿದ ಈತ, ಮನೆಗೆ ಯಾವ ಕಂಪನಿಯ ಇಂಟರ್ನೆಟ್ ಹಾಕಿಸಬೇಕೆಂಬ ಒಂದು ವಿಷಯವನ್ನು ಮಾತ್ರ ಸ್ವಂತ ಸಂಶೋಧನೆಗೆ ಮೀಸಲಿಟ್ಟುಕೊಂಡಿರುತ್ತಾನೆ.

ಈ ಕುಲ ಪ್ರಾಚೀನವಾದುದಲ್ಲ. 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸತೊಡಗಿದಾಗ ಅಂಗಡಿ ಒಂದೇ ಇದ್ದುದರಿಂದ ಹೋಲಿಕೆಗೆ ಆಸ್ಪದವಿರಲಿಲ್ಲ. ಮುಂದೆ ಖಾಸಗಿಯವರಿಗೂ ಅವಕಾಶ ದೊರೆತು, ಬಿಎಸ್‌ಎನ್‌ಎಲ್, ಏರ್‌ಟೆಲ್, ಹ್ಯಾಥ್‌ವೇ ಮೊದಲಾದವುಗಳ ಸಾಲಿಗೆ 2019ರ ಸೆಪ್ಟೆಂಬರಿನಲ್ಲಿ ಜಿಯೋ ಫೈಬರ್ ಕೂಡ ಸೇರಿ, ಇವೆಲ್ಲವುಗಳ ನಡುವೆ ಗಲ್ಲಿಯ ಕೇಬಲ್‌ವಾಲಾ ತನ್ನದೊಂದು ಸೇವೆಯನ್ನು ತೆರೆದ ಮೇಲೆ ಮೀಮಾಂಸೆಗೆ ಬೇಕಾದ ಪೂರ್ವಪಕ್ಷಗಳು ಸಿದ್ಧವಾದವು. 2020ರ ಮಾರ್ಚಿನಲ್ಲಿ ಕಚೇರಿಯೇ ಊಟದ ಮೇಜಿನ ಮೇಲೆ ಬಂದು ಕುಳಿತಾಗ ಮೀಮಾಂಸಕನ ಜನನವಾಯಿತು.

ಆತನ ಮೂಲಗ್ರಂಥ ಒಂದು ಎಕ್ಸೆಲ್ ತಖ್ತೆ. ಜಾಹೀರಾತಿನ 699 ರೂಪಾಯಿ ಅದರಲ್ಲಿ ಶೇಕಡ 18ರ ಜಿಎಸ್‌ಟಿ ಕೂಡಿಕೊಂಡು 824 ರೂಪಾಯಿ 82 ಪೈಸೆಯಾಗಿ ನಿಂತಿರುತ್ತದೆ. ಆರು ತಿಂಗಳಿಗೆ ಒಮ್ಮೆಲೇ ಕಟ್ಟಿದರೆ ಸಿಗುವ ಪುಕ್ಕಟೆ ತಿಂಗಳು, ರೂಟರಿನ ಡಿಪಾಜಿಟ್, ಜೊತೆಗೆ ಕೊಡುವ ಓಟಿಟಿಗಳಲ್ಲಿ ಕನ್ನಡ ಸಿನಿಮಾಕ್ಕಾಗಿ ಸನ್ ನೆಕ್ಸ್ಟ್ ಇದೆಯೇ ಇಲ್ಲವೇ ಎಂಬುದು, ಹೀಗೆ ಒಂದೊಂದಕ್ಕೂ ಒಂದೊಂದು ಕಾಲಂ. ‘ಅನ್‌ಲಿಮಿಟೆಡ್’ ಎಂದು ಮಾರಲಾಗುವ ಹಲವು ಪ್ಲಾನುಗಳಿಗೂ ತಿಂಗಳಿಗೆ 3,300 ಜಿಬಿಯ ಮಿತಿಯಿದ್ದು, ಅದನ್ನು ದಾಟಿದರೆ ವೇಗ ಇಳಿಸುವ ಕ್ರಮಕ್ಕೆ ‘ನ್ಯಾಯಯುತ ಬಳಕೆಯ ನೀತಿ’ ಎಂಬ ಹೆಸರಿದೆ; ತನ್ನ ಮನೆಯ ಬಳಕೆ ಅದರ ಹತ್ತರಲ್ಲೊಂದು ಪಾಲೂ ಇಲ್ಲದಿದ್ದರೂ ದಾಟಿದರೆ ಗತಿಯೇನೆಂಬ ಚಿಂತೆ ಆತನನ್ನು ರಾತ್ರಿ ಎಬ್ಬಿಸುವುದುಂಟು. ಹೊಸದಾಗಿ ಬಾಡಿಗೆಗೆ ಬಂದ ಧಾರವಾಡದ ಹುಡುಗನೊಬ್ಬ ಲಿಫ್ಟಿನಲ್ಲಿ “ಸರ, ಯಾವ್ದು ಹಾಕಸ್ಲಿ?” ಎಂದು ಕೇಳಿಬಿಟ್ಟರೆ ಉತ್ತರ ಸಿಗುವುದಿಲ್ಲ, ಪ್ರವಚನ ಸಿಗುತ್ತದೆ: “ಅದು ಹಂಗಲ್ಲ ತಮ್ಮ, ನೂರು ಎಂಬಿಪಿಎಸ್ ಅಂದ್ರ ಏನು ಅನ್ನೋದು ಮೊದಲ ತಿಳ್ಕೊ.” ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ನೂರು ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಕಡತ ಇಳಿಯುವ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಈ ವಿವರಣೆ ನಿಷ್ಕೃಷ್ಟವಾದುದು, ಆದರೆ ಅದು ಮುಗಿಯುವಷ್ಟರಲ್ಲಿ ಲಿಫ್ಟು ಹನ್ನೊಂದನೆಯ ಮಹಡಿಗೆ ಎರಡು ಸಲ ಹೋಗಿ ಬಂದಿರುತ್ತದೆ.

ಜ್ಞಾನಸಾಧನಗಳ ವಿಷಯದಲ್ಲಿ ಈತ ಭಾಟ್ಟ ಮೀಮಾಂಸಕರಂತೆ ಆರು ಪ್ರಮಾಣಗಳನ್ನೂ ಒಪ್ಪುತ್ತಾನೆ; ಮಾದರಿಗೆ ಅವುಗಳಲ್ಲಿ ನಾಲ್ಕನ್ನು ನೋಡಬಹುದು. ಬೆಳಗಿನ ಆರಕ್ಕೆ ನೆರೆಮನೆಯ ರೂಟರಿನ ಪಕ್ಕದಲ್ಲೇ ನಿಂತು ಮಾಡುವ ಸ್ಪೀಡ್ ಟೆಸ್ಟು ಪ್ರತ್ಯಕ್ಷ. ಎ ವಿಂಗಿನ ನಿವೃತ್ತ ಎಂಜಿನಿಯರ್ ಕಾಕಾ ಹೇಳಿದ್ದು ಶಬ್ದ. ಹಗಲೂ ರಾತ್ರಿ ಗೇಮ್ ಆಡುವ ಎದುರು ಮನೆಯ ಹುಡುಗ ಸಂಜೆ ಐದಕ್ಕೆ ಚೆಂಡು ಹಿಡಿದು ಕೆಳಗಿಳಿದದ್ದು ಕಂಡರೆ, ಬೇರೆ ಯಾವ ರೀತಿಯಿಂದಲೂ ಹೊಂದದ ಆ ಸಂಗತಿಯನ್ನು ಹೊಂದಿಸಲು ಅವರ ಕಂಪನಿಯ ಲೈನು ಹೋಗಿದೆಯೆಂದು ಕಲ್ಪಿಸಿಕೊಳ್ಳುವುದು ಅರ್ಥಾಪತ್ತಿ. ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವಿಡೀ ಒಂದೂ ದೂರು ಕಾಣದಿರುವುದು ಅನುಪಲಬ್ಧಿ; ಅದರಿಂದ ಎಲ್ಲರ ಲೈನೂ ಸರಿಯಿದೆಯೆಂದು ಸಿದ್ಧವಾಗುವುದೋ, ಎಲ್ಲರದೂ ಒಟ್ಟಿಗೆ ಹೋಗಿದೆಯೆಂದು ಸಿದ್ಧವಾಗುವುದೋ ಎಂಬುದು ವಿವಾದಾಸ್ಪದ.

ತಖ್ತೆಯಲ್ಲಿ ಕಾಲಂ ಇಲ್ಲದ ಕೆಲವು ಸಂಗತಿಗಳಿವೆ, ಮತ್ತು ವಾಕಡದಲ್ಲಿ ಸಂಪರ್ಕದ ಹಣೆಬರಹ ನಿಂತಿರುವುದು ಅವುಗಳ ಮೇಲೆಯೇ. ಮನೆಗೆ ಬರುವ ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಆ ಬೆಳಕನ್ನು ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ಹಲವು ಮನೆಗಳಿಗೆ ಹಂಚುತ್ತದೆ, ಮನೆಯೊಳಗಿನ ಪೆಟ್ಟಿಗೆ ಅದನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಕರೆಂಟು ಹೋದರೆ ಆ ಪೆಟ್ಟಿಗೆಯೂ ಮಲಗುತ್ತದೆ. ಪುಣೆಯಲ್ಲಿ ದುರಸ್ತಿಗಾಗಿ ಗುರುವಾರ ಕರೆಂಟು ತೆಗೆಯುವ ರೂಢಿಯಿರುವುದರಿಂದ, ಮುನ್ನೂರು ಎಂಬಿಪಿಎಸ್‌ನವನೂ ಮೂವತ್ತರವನೂ ಆ ದಿನ ಸರಿಸಮಾನರು. ಹಿಂಜವಡಿ–ಶಿವಾಜಿನಗರ ಮೆಟ್ರೋದ ಕೆಲಸ, ನೀರಿನ ಪೈಪು, ಒಳಚರಂಡಿ ಎಂದು ರಸ್ತೆ ಅಗೆಯುವ ಊರಿನಲ್ಲಿ ಜೆಸಿಬಿಗೆ ಕಂಪನಿಗಳೊಳಗೆ ಭೇದಭಾವವಿಲ್ಲ. ಅಗೆಯುವವರು ಕೇಬಲ್ ಇರುವವರಿಗೆ ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನೇ ಹೊರತಂದಿದೆ. ಮೀಮಾಂಸಕ ಅದನ್ನು ಇಳಿಸಿಕೊಂಡಿದ್ದಾನೆ, ಆದರೆ ಜೆಸಿಬಿ ಅವನದಲ್ಲ.

ಇವೆಲ್ಲಕ್ಕಿಂತ ಮೊದಲಿನ ಪ್ರಶ್ನೆ ಕಟ್ಟಡದ ಡಕ್ಟಿನದು, ಅಂದರೆ ಮಹಡಿಯಿಂದ ಮಹಡಿಗೆ ತಂತಿ ಇಳಿಸುವ ಗೋಡೆಯೊಳಗಿನ ದಾರಿಯದು. ಅದರೊಳಗೆ ಯಾರ ಎಳೆ ಹೋಗಬೇಕೆಂಬುದನ್ನು ಬಿಲ್ಡರೋ ಸೊಸೈಟಿಯ ಕಮಿಟಿಯೋ ಮೊದಲೇ ಒಪ್ಪಂದ ಮಾಡಿಕೊಂಡು ತೀರ್ಮಾನಿಸಿರುವುದುಂಟು. ಅಂಥ ಕಡೆ ಏಳು ಕಂಪನಿಗಳ ತಖ್ತೆಯಲ್ಲಿ ಆರಿಸಿಕೊಳ್ಳಲು ಸಿಗುವುದು ಒಂದೋ ಎರಡೋ. ಈ ಸತ್ಯ ಮೀಮಾಂಸಕನಿಗೆ ತಿಳಿಯದ್ದೇನಲ್ಲ. ಆದರೆ ಹೋಲಿಕೆ ಆತನಿಗೆ ಸಾಧನವಾಗಿ ಉಳಿದಿಲ್ಲ, ಸ್ವತಃ ಪುರುಷಾರ್ಥವಾಗಿದೆ. ಆದ್ದರಿಂದಲೇ ಸಿದ್ಧಾಂತ ಮುಂದಿನ ದೀಪಾವಳಿ ಆಫರಿನವರೆಗೆ ಮುಂದೂಡಲ್ಪಡುತ್ತದೆ, ಮನೆ ಮಾತ್ರ ಹೆಂಡತಿಯ ಮೊಬೈಲಿನ ಹಾಟ್‌ಸ್ಪಾಟಿನ ಮೇಲೆ ನಡೆಯುತ್ತದೆ. “ಏನ್ರಿ, ಈ ಜನ್ಮದಾಗ ಬರ್ತೈತೋ ಇಲ್ಲೋ?” ಎಂದು ಕೇಳಿ ಕೇಳಿ ಬೇಸತ್ತ ಆಕೆ ಒಂದು ದಿನ ವಾಚ್‌ಮನ್‌ನ ಹತ್ತಿರ, ಲೈನು ಹೋದಾಗ ಯಾವ ಕಂಪನಿಯ ಹುಡುಗ ಬೇಗ ಬರುತ್ತಾನೆಂಬ ಒಂದೇ ಪ್ರಶ್ನೆ ಕೇಳಿ, ಆ ಹುಡುಗನಿಗೆ ಫೋನ್ ಮಾಡಿ, ಸಂಜೆಯೊಳಗೆ ಸಂಪರ್ಕ ಹಾಕಿಸಿಬಿಡುತ್ತಾಳೆ.

ವಾಕಡಕ್ಕೆ ಹೊಸದಾಗಿ ಬರುವವರು ಮೀಮಾಂಸಕನ ತಖ್ತೆಯನ್ನು ಗೌರವದಿಂದ ಓದಿ, ಆ ವಾಚ್‌ಮನ್‌ನನ್ನೇ ವಿಚಾರಿಸುವುದು ಲೇಸು. ಮೊದಲ ತಿಂಗಳು ನೋಡಿಕೊಳ್ಳದೆ ವರ್ಷದ ಹಣ ಮುಂಗಡ ಕಟ್ಟಬಾರದು, ಗುರುವಾರಕ್ಕಾಗಿ ರೂಟರಿಗೊಂದು ಸಣ್ಣ ಯುಪಿಎಸ್ ಕೊಂಡಿಡಬೇಕು.