ರಾಗ ಬಟವಾಡೆ

ಸಂಗೀತ ಕೇಳುವಾಗ ನಮ್ಮ ಸೋಲೂರಿನ ಮೇಷ್ಟ್ರಿಗೆ ಕಿವಿಗಿಂತ ಮೊಣಕೈಗೇ ಕೆಲಸ ಜಾಸ್ತಿ. ಗಾಯಕರು ಆಲಾಪನೆಗೆ ಬಾಯಿ ತೆರೆದರೋ ಇಲ್ಲವೋ, ಪಕ್ಕದವರ ಪಕ್ಕೆ ತಿವಿದು ‘ಕಾಂಬೋಧಿ’ ಎಂದುಬಿಡಬೇಕು. ದರ್ಬಾರೋ ನಾಯಕಿಯೋ ಎಂದು ಇಡೀ ಸಾಲು ತಲೆ ಕೆರೆದುಕೊಳ್ಳುವಾಗ ತೀರ್ಪು ತಾವೇ ಕೊಡಬೇಕು. ತೀರ್ಪು ತಪ್ಪಾದರೆ ಅದು ಗಾಯಕರ ತಪ್ಪು.

ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಅವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗುತ್ತಿದ್ದರು. ಸೋಲೂರಿನಲ್ಲಿ ನಿಲ್ಲಿಸುವ ಕೊನೆಯ ಕುಣಿಗಲ್ ಬಸ್ಸು ತಪ್ಪೀತೆಂದು, ಪಾಪ, ಒಂದು ವರ್ಷವೂ ಮಂಗಳ ಕೇಳಿದವರಲ್ಲ. 2020ರಲ್ಲಿ ರಾಮನವಮಿ ಬಂದದ್ದು ಏಪ್ರಿಲ್ 2ಕ್ಕೆ. ಲಾಕ್‌ಡೌನ್ ಶುರುವಾಗಿ ಇನ್ನೂ ಹತ್ತು ದಿನವಾಗಿರಲಿಲ್ಲ. ಆಮೇಲೆ ಸಂಗೀತವೇ ಮನೆಗೆ ಬಂತು. ಆ ಡಿಸೆಂಬರಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಕಚೇರಿಗಳೂ ಫೋನಿನೊಳಗೆ ಕೂತವು. ಮೇಷ್ಟ್ರು ಲುಂಗಿಯಲ್ಲಿ ಕಾಲು ಚಾಚಿಕೊಂಡು ಮಂಗಳದವರೆಗೂ ಕೇಳಿದರು. ತನಿ ಆವರ್ತನ ಶುರುವಾದ ಕೂಡಲೇ ಮಾತ್ರ, ಹಳೇ ಅಭ್ಯಾಸ, ಎದ್ದು ಕಾಫಿಗೆ ಹೋಗುತ್ತಿದ್ದರು.

ಎಲ್ಲ ಸುಖವಾಗಿತ್ತು, ಮೊಣಕೈ ಒಂದು ಬಿಟ್ಟು. ಪಕ್ಕದಲ್ಲಿ ತಿವಿಸಿಕೊಳ್ಳುವವರಿಲ್ಲ. ಹೆಂಡತಿಯನ್ನು ಒಮ್ಮೆ ತಿವಿದು ನೋಡಿದರಂತೆ, ಎರಡನೇ ಸಲ ಆ ಧೈರ್ಯ ಮಾಡಲಿಲ್ಲ. ಕೊನೆಗೆ ಮಾಗಡಿಯಲ್ಲಿದ್ದ ಹಳೇ ಜೊತೆಗಾರ, ನಿವೃತ್ತ ಪೋಸ್ಟ್‌ಮಾಸ್ಟರರನ್ನು ಇನ್ನೊಂದು ಫೋನಿನಲ್ಲಿ ಹಿಡಿದರು. ಇಬ್ಬರೂ ಒಂದೇ ಕಚೇರಿ ಕೇಳುವುದು, ರಾಗ ಮೊದಲು ಹೇಳಿದವರು ಗೆದ್ದಂತೆ.

“ಏನ್ ಮೇಷ್ಟ್ರೇ, ಶಂಕರಾಭರಣ ಅಲ್ವಾ?”

“ಎಲ್ರೀ ಶಂಕರಾಭರಣ? ಇಲ್ಲಿನ್ನೂ ಹಿಂದಿನ ಕೃತೀನೇ ಮುಗಿದಿಲ್ಲ!”

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಚಪ್ಪಾಳೆ ಇಲ್ಲದೆ ಕೃತಿ ಮುಗಿಯಿತು, ಶಂಕರಾಭರಣವೇ ಬಂತು. ಮುಂದೆ ತೋಡಿ, ಕಲ್ಯಾಣಿ, ಎಲ್ಲದಕ್ಕೂ ಇದೇ ಕಥೆ. ಜೀವಮಾನವಿಡೀ ಊರಿಗೆ ಕಾಗದ ತಡವಾಗಿ ಕೊಟ್ಟ ಮನುಷ್ಯ ರಾಗವನ್ನು ಮಾತ್ರ ಮುಂಚಿತವಾಗಿ ಬಟವಾಡೆ ಮಾಡುತ್ತಿದ್ದರು! ಮೇಷ್ಟ್ರು ಎರಡು ದಿನ ಊಟ ಸೇರದೆ ಕೂತರು.

ಗುಟ್ಟು ಬಿಡಿಸಿದವನು ಮೊಮ್ಮಗ. “ತಾತ, ಲೈವ್ ಅಂದ್ರೂ ಅದು ಆಗಿಂದಾಗ್ಲೇ ಬರಲ್ಲ. ಫೋನು ಒಂದಷ್ಟು ಸೆಕೆಂಡು ಕೂಡಿಟ್ಕೊಂಡು ಆಮೇಲೆ ಬಿಡತ್ತೆ. ಒಬ್ಬೊಬ್ಬರಿಗೆ ಒಂದೊಂದು ಥರ.”

“ಅಂದ್ರೆ ಡೈರಿ ಹಾಲು ಕ್ಯಾನಿಗೆ ತುಂಬಿಸ್ಕೊಂಡ ಹಾಗೆ,” ಎಂದರು ಮೇಷ್ಟ್ರು. “ಅವರಿಗೆ ಮಾತ್ರ ಯಾಕೋ ಬೇಗ ಲಾರಿ ಬರೋದು?”

ಇದಕ್ಕೆ ಹುಡುಗನ ಹತ್ತಿರ ಉತ್ತರವಿರಲಿಲ್ಲ.

ಚಪ್ಪರ ಮತ್ತೆ ಎದ್ದ ವರ್ಷ ನಾನೂ ಅವರಿಬ್ಬರ ಜೊತೆ ಹೋಗಿದ್ದೆ. ಇಬ್ಬರಿಗೂ ಒಂದೇ ವೇದಿಕೆ, ಒಂದೇ ಸ್ಪೀಕರು; ಯಾರ ಲಾರಿಯೂ ಮುಂದಿಲ್ಲ. ಮೇಷ್ಟ್ರು ಬಸ್ಸಿನಲ್ಲೇ ತೋಳು ಮಡಿಸಿ ಸಿದ್ಧರಾಗಿದ್ದರು. ವೇದಿಕೆಯಿಂದ ಪಿಟೀಲಿನ ಒಂದು ಎಳೆ ಕೇಳಿದ್ದೇ ತಡ, ಮೊಣಕೈ ಹಾರಿತು.

“ದರ್ಬಾರ್!”

ಪೋಸ್ಟ್‌ಮಾಸ್ಟರರು ಪಕ್ಕೆ ಉಜ್ಜಿಕೊಂಡರು. “ತಡ್ಕೊಳ್ಳಿ ಮೇಷ್ಟ್ರೇ. ಇನ್ನೂ ಶ್ರುತಿ ಮಾಡ್ಕೊಳ್ತಾ ಇದ್ದಾರೆ.”